ಗೋದಲಿ ಡಬ್ಬದಲ್ಲಿ ಚಕ್ರ

"ಮುಂದಿನ ಚಕ್ರ ಎಲ್ಲಮ್ಮ?" ಸೈಕ್ಲಿಂಗ್ ಕೋಚ್ ಬಸವರಾಜು ಸರ್ ಮೂರನೇ ಸಲ ಕೇಳಿದರು.

ಮಂಡಿ ಮೊಹಲ್ಲಾದ ಆ ಪುಟ್ಟ ಮನೆಯ ಗೋಡೆಯಲ್ಲಿ ಎರಡು ದಪ್ಪ ಮೊಳೆ. ಮೊಳೆಗಳ ಮೇಲೆ ಬೀನಾ ಅಕ್ಕನ ರೇಸ್ ಸೈಕಲ್ಲು. ಹಿಂದಿನ ಚಕ್ರ ಇದೆ, ಹ್ಯಾಂಡಲ್ ಇದೆ, ಸೀಟು ಇದೆ. ಮುಂದಿನ ಚಕ್ರ ಇರಬೇಕಾದ ಜಾಗ ಮಾತ್ರ ಖಾಲಿ.

ಐದನೇ ಕ್ಲಾಸಿನ ಜಾನ್ಸಿ ಮಂಚದ ಮೇಲೆ ಕೂತು ಗಣಿತದ ಹೋಂವರ್ಕ್ ಮಾಡುತ್ತಿದ್ದಳು. ಮಾಡುತ್ತಿದ್ದಳು ಅಂತ ಹೆಸರಿಗೆ ಅಷ್ಟೇ. ನೋಟ್‌ಬುಕ್ ತಲೆಕೆಳಗಾಗಿತ್ತು.

"ನಿನ್ನೆ ಸಾಯಂಕಾಲ ಇತ್ತು ಸರ್. ನಾನೇ ಒರೆಸಿ ಬೆಡ್‌ಶೀಟ್ ಹೊದಿಸಿದ್ದೆ," ಅಂದಳು ಬೀನಾ.

"ಮತ್ತೆ ರೆಕ್ಕೆ ಬಂದು ಹಾರೋಯ್ತಾ?" ಅಮ್ಮ ಸೆಲ್ವಮೇರಿ ಹೊಲಿಗೆ ಮಷೀನಿನ ಹಿಂದೆ ಬಗ್ಗಿ ನೋಡಿದರು. ಅಲ್ಲಿ ಬಟ್ಟೆ ಚೂರು ಬಿಟ್ಟರೆ ಏನೂ ಇರಲಿಲ್ಲ.

ಆ ಸೈಕಲ್ಲು ಬೀನಾಳದ್ದಲ್ಲ. ಸೈಕ್ಲಿಂಗ್ ಫೆಡರೇಷನ್ನಿನದು. ಇಡೀ ದೇಶದಲ್ಲಿ ಜೋರಾಗಿ ಸೈಕಲ್ ಹೊಡೆಯುವ ಹುಡುಗ ಹುಡುಗಿಯರದ್ದೊಂದು ಲಿಸ್ಟ್ ಇರುತ್ತದೆ. ಅದರಲ್ಲಿ ಹೆಸರಿದ್ದರೆ ಫೆಡರೇಷನ್ನಿನವರು ಸೈಕಲ್ ಕೊಡುತ್ತಾರೆ, ಹೆಲ್ಮೆಟ್ ಕೊಡುತ್ತಾರೆ, ಕ್ಯಾಂಪಿಗೆ ಕರೆಸಿ ಮೊಟ್ಟೆ, ಹಾಲು, ಬಾಳೆಹಣ್ಣು ಕೊಟ್ಟು ಕೋಚಿಂಗ್ ಮಾಡುತ್ತಾರೆ. ಆರು ತಿಂಗಳಿಗೊಂದು ಟ್ರಯಲ್. ಅವರು ಹೇಳಿದ ಟೈಮಿನೊಳಗೆ ಮುಗಿಸಿದರೆ ಸರಿ. ಇಲ್ಲದಿದ್ದರೆ ಹೆಸರು ಲಿಸ್ಟಿನಿಂದ ಹೊರಗೆ. ಸೈಕಲ್ಲು ಮುಂದಿನವರಿಗೆ.

ಬೀನಾಗೆ ಆಗಸ್ಟಿನಲ್ಲಿ ಡೆಂಗ್ಯೂ ಬಂತು. ಹನ್ನೆರಡು ದಿನ ಆಸ್ಪತ್ರೆ. ಸೆಪ್ಟೆಂಬರಿನಲ್ಲಿ ಟ್ರಯಲ್. ಹನ್ನೊಂದು ಸೆಕೆಂಡ್ ತಡವಾಯಿತು.

ಹನ್ನೊಂದೇ ಸೆಕೆಂಡ್! ಜಾನ್ಸಿ ಬೇಕಂತಲೇ ಎಣಿಸಿ ನೋಡಿದ್ದಳು. ಅಷ್ಟರಲ್ಲಿ ಒಂದು ಶೂ ಲೇಸ್ ಕಟ್ಟುವುದಕ್ಕೂ ಆಗಿರಲಿಲ್ಲ. ಅಪ್ಪ ಡಾಕ್ಟರ ಚೀಟಿ ಕೊಟ್ಟು ಕಳಿಸಿದ್ದರು. "ಅವರು ವಾಚ್ ನೋಡ್ತಾರೆ ಜ್ಞಾನಪ್ಪನವರೇ, ಚೀಟಿ ನೋಡಲ್ಲ," ಅಂದಿದ್ದರು ಬಸವರಾಜು ಸರ್. ಹೇಳುವಾಗ ಅವರ ಮುಖವೂ ಸಪ್ಪಗಿತ್ತು. ಬೀನಾಗೆ ತಿರುವಿನಲ್ಲಿ ಸೈಕಲ್ ಬಗ್ಗಿಸುವುದನ್ನು ಕಲಿಸಿದವರೇ ಅವರು.

ಅಂದಿನಿಂದ ಅಕ್ಕ ಪ್ರಾಕ್ಟೀಸಿಗೆ ಹೋಗುತ್ತಿಲ್ಲ. ಬೆಳಗಿನ ನಾಲ್ಕೂವರೆಯ ಅಲಾರಾಂ ಇನ್ನೂ ಹೊಡೆಯುತ್ತದೆ. ಅವಳು ಅದನ್ನು ನಿಲ್ಲಿಸಿ ಮಗ್ಗುಲು ಬದಲಿಸುತ್ತಾಳೆ. ನಿದ್ದೆ ಮಾತ್ರ ಮಾಡುವುದಿಲ್ಲ. ಪಕ್ಕದಲ್ಲೇ ಮಲಗುವ ಜಾನ್ಸಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಅದಕ್ಕೇ ನಿನ್ನೆ ಮನೆಯವರೆಲ್ಲ ಚರ್ಚಿಗೆ ನೊವೆನಾ ಪ್ರಾರ್ಥನೆಗೆ ಹೊರಟಾಗ ಜಾನ್ಸಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಎಂಥ ಹೊಟ್ಟೆನೋವು ಅನ್ನುತ್ತೀರಿ! ಅವರು ಗೇಟು ದಾಟಿದ್ದೇ ತಡ, ಮಾಯವಾಯಿತು. ರೇಸ್ ಸೈಕಲ್ಲಿನ ಚಕ್ರ ಬಿಚ್ಚುವುದು ಕಷ್ಟವೇನಲ್ಲ, ಲಿವರ್ ಎಳೆದರೆ ಬಂತು. ಕುರ್ಚಿ ಮೇಲೆ ಸ್ಟೂಲ್ ಇಟ್ಟು ಅಟ್ಟ ಹತ್ತಿ, ಚಕ್ರವನ್ನು ಗೋದಲಿ ಡಬ್ಬಕ್ಕೆ ತುರುಕಿದಳು.

ಕ್ರಿಸ್ಮಸ್ಸಿಗೆ ಬಾಲಯೇಸುವಿನ ಕೊಟ್ಟಿಗೆ ಮಾಡಿ ಇಡುತ್ತಾರಲ್ಲ, ಅದೇ ಗೋದಲಿ. ಕುರುಬರು, ಕುರಿಗಳು, ಒಂದು ಕಿವಿ ಮುರಿದ ಕತ್ತೆ, ಒಣಹುಲ್ಲು, ನಕ್ಷತ್ರ ಎಲ್ಲವೂ ಹಳೇ ಟೀವಿ ಡಬ್ಬದಲ್ಲಿ ಅಟ್ಟದ ಮೇಲಿರುತ್ತವೆ. ಡಿಸೆಂಬರ್ ಬರುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಚಕ್ರ ಇಲ್ಲದ ಸೈಕಲ್ಲನ್ನು ಯಾರು ತಾನೇ ತೆಗೆದುಕೊಂಡು ಹೋಗುತ್ತಾರೆ? ಇದು ಜಾನ್ಸಿಯ ಬುದ್ಧಿವಂತಿಕೆ.

ಬಸವರಾಜು ಸರ್ ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಸಂಜೆ ನಾಲ್ಕೂವರೆಗೆ ಟ್ರೇನು ಕಣ್ರೀ. ನಾಳಿದ್ದು ಬೆಳಿಗ್ಗೆ ಸೈಕಲ್ ಸಮೇತ ಕ್ಯಾಂಪಲ್ಲಿ ರಿಪೋರ್ಟ್ ಮಾಡ್ಬೇಕು. ಇಲ್ಲಾಂದ್ರೆ ಆ ಹುಡುಗಿ ಹೆಸರು ಹೊಡೆದು ಅದರ ಕೆಳಗಿನ ಹೆಸರು ತಗೋತಾರೆ."

"ಯಾವ ಹುಡುಗಿ?" ಜಾನ್ಸಿಯ ಬಾಯಿಂದ ಮಾತು ಜಾರಿಬಿಟ್ಟಿತು.

"ಬೀನಾ ಜಾಗಕ್ಕೆ ಬಂದೋಳು. ಹೊರಗೆ ಕೂತಿದ್ದಾಳಲ್ಲ. ಒಳಗೆ ಬಾರಮ್ಮ ಅಂದ್ರೆ ನಾಚ್ಕೊಂಡು ಅಲ್ಲೇ ಕೂತ್ಬಿಟ್ಳು."

"ಅಯ್ಯೋ ದೇವ್ರೇ, ಈ ಬಿಸಿಲಲ್ಲಾ! ಜಾನ್ಸಿ, ಹೋಗು, ನೀರು ಕೊಟ್ಟು ಬಾ," ಅಂದರು ಅಮ್ಮ.

ಮೆಟ್ಟಿಲ ಮೇಲೆ ಒಂದು ತೆಳ್ಳನೆಯ ಹುಡುಗಿ ಕೂತಿದ್ದಳು. ಪಕ್ಕದಲ್ಲಿ ಅವಳ ಅಪ್ಪ ನಿಂಗಯ್ಯ. ಸೈಕಲ್ ಪ್ಯಾಕ್ ಮಾಡಲು ತಂದಿದ್ದ ದೊಡ್ಡ ರಟ್ಟಿನ ಡಬ್ಬವನ್ನು ಗೋಡೆಗೆ ಒರಗಿಸಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಹುಡುಗಿಯ ಹೆಸರು ಸಿಂಚನ. ನಂಜನಗೂಡಿನ ಕಡೆಯ ಹಳ್ಳಿಯವಳು.

ಜಾನ್ಸಿ ಅವಳನ್ನು ಕೋಪದಿಂದ ದುರುಗುಟ್ಟಿ ನೋಡಬೇಕು ಅಂತಲೇ ಬಂದಿದ್ದಳು. ಆದರೆ ಆ ಹುಡುಗಿ ಗಡಿಬಿಡಿಯಲ್ಲಿ ಎದ್ದು ಲೋಟ ತೆಗೆದುಕೊಳ್ಳುವಾಗ ನೀರು ಲಂಗದ ಮೇಲೆಲ್ಲ ಚೆಲ್ಲಿತು.

"ನಿಮ್ಮಕ್ಕ ತುಂಬಾ ಬೇಜಾರ್ ಮಾಡ್ಕೊಂಡವ್ರಾ?" ಸಿಂಚನ ಮೆಲ್ಲಗೆ ಕೇಳಿದಳು.

"ಹೂಂ."

"ನಾನ್ ಅವ್ರನ್ನ ರೇಸಲ್ಲಿ ನೋಡಿದೀನಿ. ಬರ್ರ್ ಅಂತ ಹೋಗ್ಬುಟ್ರು. ನಾನೆಲ್ಲೋ ಹಿಂದೆ ಇದ್ದೆ."

"ನಿಂದು ಯಾವ ಸೈಕಲ್?"

"ನಮ್ಮಕ್ಕಂಗೆ ಗೌರ್ಮೆಂಟ್ ಸ್ಕೂಲಲ್ಲಿ ಕೊಟ್ಟಿದ್ರಲ್ಲ, ಅದೇ. ಟ್ರಯಲ್ ದಿನ ಮಾತ್ರ ಸರ್ ಯಾರ್ದೋ ಇಸ್ಕೊಂಡ್ ಬಂದಿದ್ರು."

ನಿಂಗಯ್ಯ ಒಳಗೆ ಇಣುಕಿ ಕೇಳಿದರು. "ಚಕ್ರ ಸಿಕ್ತಾ ಮಗ? ಸಿಕ್ಕದೇ ಇದ್ರೆ ಅಂಗಂತ ಹೇಳ್ಬುಡಿ, ಊರಿಗೆ ಮೂರು ಗಂಟೆ ಬಸ್ಸು ಐತೆ. ಇವಳ ಅವ್ವ ಕೆಂಚಮ್ಮ ಬೆಳಿಗ್ಗೆನೇ ಬೀದಿಗೆಲ್ಲಾ ಬೆಲ್ಲ ಹಂಚ್ಬುಟ್ಟವಳೆ. ಅವಳಿಗೆ ಎಂಗೆ ಹೇಳದೋ ಏನೋ."

ಸಿಂಚನ ತಲೆ ತಗ್ಗಿಸಿದಳು. ಜಾನ್ಸಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಓಡಿದಳು.

ಒಳಗೆ ಸರ್ ಒಂದು ಫಾರಂ ಬಿಡಿಸಿಕೊಂಡು ಕೂತಿದ್ದರು. "ವೀಲ್ ಇಲ್ಲ ಅಂತ ಬರೀಲೇಬೇಕು ಬೀನಾ. ನಿನ್ನ ಹೆಸರಿಗೆ ಬರತ್ತೆ. ಆಮೇಲೆ ಅವರು ನಿನ್ನನ್ನ ಮುಂದಿನ ಟ್ರಯಲ್‌ಗೂ ಕರೆಯಲ್ಲ."

"ಬರ್ಕೊಳ್ಳಿ ಸರ್. ಹೆಂಗೂ ನಾನಿನ್ನು ಸೈಕಲ್ ಹೊಡಿಯಲ್ಲ," ಅಂದಳು ಬೀನಾ.

ಅದನ್ನು ಅವಳು ಅಳುತ್ತ ಹೇಳಲಿಲ್ಲ. ಪಾತ್ರೆ ತೊಳೆದಾಯಿತು ಅನ್ನುವ ಹಾಗೆ ಹೇಳಿದಳು. ಜಾನ್ಸಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಗೋದಲಿ ಡಬ್ಬದಲ್ಲಿದೆ," ಅಂದಳು.

"ಏನು?" ಅಂದರು ಅಮ್ಮ.

"ಚಕ್ರ. ನಾನೇ ಇಟ್ಟೆ. ಅಕ್ಕನ ಸೈಕಲ್ ಹೋಗಬಾರ್ದು ಅಂತ."

ಅಮ್ಮ ಹೊಡೆಯಲು ಕೈ ಎತ್ತಿದರು. ಎತ್ತಿದ ಕೈಯನ್ನು ಹಾಗೇ ಇಳಿಸಿ ಸೆರಗಿನಿಂದ ಮೂಗು ಒರೆಸಿಕೊಂಡರು. ಬೀನಾ ತಂಗಿಯನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೀನಾ ತಾನೇ ಅಟ್ಟ ಹತ್ತಿ ಚಕ್ರ ಇಳಿಸಿದಳು. ಕಡ್ಡಿಗಳ ನಡುವೆ ಗೋದಲಿಯ ಹುಲ್ಲು ಸಿಕ್ಕಿಕೊಂಡಿತ್ತು. ಒಂದೊಂದೇ ಎಳೆ ಬಿಡಿಸಿ ತೆಗೆದಳು. ಚಕ್ರ ಜೋಡಿಸಿ ಒಂದು ಸಲ ತಿರುಗಿಸಿ ನೋಡಿದಳು. ಅದು ಸದ್ದೇ ಇಲ್ಲದೆ ತುಂಬಾ ಹೊತ್ತು ತಿರುಗಿತು. ಆಮೇಲೆ ಸೈಕಲ್ಲನ್ನು ಮೊಳೆಯಿಂದ ಇಳಿಸಿದಳು.

"ಸಿಂಚನ, ಬಾ ಇಲ್ಲಿ. ಹತ್ತಿ ಕೂತ್ಕೋ."

ಸಿಂಚನ ಚಪ್ಪಲಿ ಹೊರಗೆ ಬಿಟ್ಟು, ಅಂಜುತ್ತಲೇ ಬಂದು ಸೈಕಲ್ ಹತ್ತಿದಳು. ಅವಳ ಕಾಲು ಪೆಡಲಿಗೆ ಸರಿಯಾಗಿ ಎಟುಕಲಿಲ್ಲ.

"ಇಳಿ," ಅಂದ ಬೀನಾ ಸೀಟನ್ನು ಎರಡು ಬೆರಳಿನಷ್ಟು ತಗ್ಗಿಸಿ ಬಿಗಿ ಮಾಡಿದಳು. "ಸೀಟ್ ಎತ್ತರ ಇದ್ರೆ ಮಂಡಿ ನೋವು ಬರತ್ತೆ. ಮೂರನೇ ಗೇರ್ ಒಂಚೂರು ಕಚ್ಕೊಳ್ಳತ್ತೆ, ಬಲವಂತ ಮಾಡ್ಬೇಡ. ಆಮೇಲೆ, ಹುಷಾರಿಲ್ಲಾಂದ್ರೆ ಮೊದಲೇ ಹೇಳ್ಬಿಡು. ಪ್ರಾಕ್ಟೀಸ್ ತಪ್ಪತ್ತೆ ಅಂತ ನನ್ ತರ ಜ್ವರ ಮುಚ್ಚಿಡ್ಬೇಡ."

"ಸರಿ ಅಕ್ಕ."

"ಹೆಸರು ತೆಗಿಬೇಕಲ್ಲಮ್ಮ," ಅಂದರು ಸರ್, ಬೇರೆ ಕಡೆ ನೋಡುತ್ತ.

ಸೈಕಲ್ಲಿನ ಮೈಮೇಲೆ ಒಂದು ಸ್ಟಿಕ್ಕರ್ ಇತ್ತು. ಕೆಂಪು ಅಕ್ಷರದಲ್ಲಿ ಬೀನಾ ಜೆ. ಸೈಕಲ್ ಯಾರ ಕೈಗೆ ಬರುತ್ತದೋ ಅವರು ಅಲ್ಲಿ ತಮ್ಮ ಹೆಸರು ಅಂಟಿಸಿಕೊಳ್ಳುವುದು ಕ್ಯಾಂಪಿನ ಪದ್ಧತಿ. ಬೀನಾ ಉಗುರಿನಿಂದ ಒಂದು ಮೂಲೆ ಎಬ್ಬಿಸಿದಳು. ಅಷ್ಟಕ್ಕೇ ನಿಲ್ಲಿಸಿದಳು.

"ನೀ ಬಿಡಕ್ಕ, ನಾ ತೆಗೀತೀನಿ," ಅಂದಳು ಜಾನ್ಸಿ.

ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದು ನಿಧಾನವಾಗಿ ಉಜ್ಜುತ್ತ ಎಳೆದಳು. ಅಕ್ಕನ ಹೆಸರು ಸುರುಳಿ ಸುತ್ತಿಕೊಂಡು ಕೈಗೆ ಬಂತು. ಅದರ ಕೆಳಗೆ ಇನ್ನೊಂದು ಸ್ಟಿಕ್ಕರ್ ಇತ್ತು, ಮಾಸಿದ ನೀಲಿಯದು. ಮೊದಲಿನ ಅಕ್ಷರ ಕಿತ್ತುಹೋಗಿತ್ತು. ಉಳಿದದ್ದು 'ಲೋಚನಾ'.

"ಸುಲೋಚನಾ," ಅಂತ ಓದಿದಳು ಜಾನ್ಸಿ. "ಇವರ್ಯಾರಕ್ಕ?"

ಬೀನಾ ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು.

"ಗೊತ್ತಿಲ್ಲ ಕಣೇ. ಅದರ ಮೇಲೇ ನಂದು ಅಂಟಿಸಿಬಿಟ್ಟಿದ್ದೆ. ಯಾರು ಅಂತ ಕೇಳಲೂ ಇಲ್ಲ."

ಜಾನ್ಸಿ ಆ ಹೆಸರನ್ನು ಕೀಳಲಿಲ್ಲ. ಎಣ್ಣೆ ಮಾತ್ರ ಒರೆಸಿದಳು.

"ನಿನ್ನ ಹೆಸರು ಇದರ ಮೇಲೆ ಹಾಕ್ಬೇಡ. ಪಕ್ಕದಲ್ಲಿ ಹಾಕು, ಜಾಗ ಇದೆ," ಅಂದಳು ಸಿಂಚನಳಿಗೆ. ಸಿಂಚನ ಹೂಂ ಅಂದಳು.

ಸೈಕಲ್ಲು ಡಬ್ಬದೊಳಗೆ ಹೋಯಿತು. ಸರ್ ಫಾರಮ್ಮಿಗೆ ಬೀನಾಳ ಸಹಿ ಹಾಕಿಸಿಕೊಂಡರು. ನಿಂಗಯ್ಯ ಅಮ್ಮನಿಗೆ ಕೈ ಮುಗಿದರು. ಆಟೋ ಬೀದಿಯ ತಿರುವು ದಾಟುವ ತನಕ ಸಿಂಚನ ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು.

ಬೀನಾ ಒಳಗೆ ಬಂದು ಮಂಚದ ಮೇಲೆ ಕೂತಳು. ಮೊಬೈಲ್ ತೆಗೆದು ನಾಲ್ಕೂವರೆಯ ಅಲಾರಾಂ ಡಿಲೀಟ್ ಮಾಡಿದಳು. ಆಮೇಲೆ ಮಂಡಿಗೆ ಮುಖ ಒತ್ತಿಕೊಂಡು, ಇಷ್ಟು ದಿನ ಅಳದಿದ್ದವಳು, ಬಿಕ್ಕಿ ಬಿಕ್ಕಿ ಅತ್ತಳು.

ಜಾನ್ಸಿ ಪಕ್ಕದಲ್ಲಿ ಕೂತಳು. ಗೋಡೆಯ ಮೇಲೆ ಎರಡು ಮೊಳೆ ಮಾತ್ರ ಉಳಿದಿದ್ದವು.

ಎರಡು ವರ್ಷದ ಹಿಂದೆ ಆ ಸೈಕಲ್ಲು ಮನೆಗೆ ಬಂದ ದಿನ ಅವಳಿಗೆ ಚೆನ್ನಾಗಿ ನೆನಪಿದೆ. ಅಪ್ಪ ಪ್ಲಮ್ ಕೇಕ್ ತಂದಿದ್ದರು. ಇಡೀ ಬೀದಿಗೆ ಹಂಚಿದ್ದರು. ಅಪ್ಪ ಸ್ಟೂಲ್ ಹತ್ತಿ ಮೊಳೆ ಹೊಡೆಯುವಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆ ಹೊತ್ತಿಗೆ ಸುಲೋಚನಾಳ ಮನೆಯ ಗೋಡೆಯಲ್ಲೂ ಬರೀ ಮೊಳೆಗಳು ಉಳಿದಿದ್ದವೋ ಏನೋ.

"ಅಕ್ಕ," ಅಂದಳು ಜಾನ್ಸಿ. "ಅವತ್ತು ನಾನು ಮೂರು ಪೀಸ್ ಕೇಕ್ ತಿಂದಿದ್ದೆ."

ಬೀನಾ ತಲೆ ಎತ್ತಲಿಲ್ಲ. ತಂಗಿಯ ಎಣ್ಣೆ ಕೈಯನ್ನು ಹುಡುಕಿ ಹಿಡಿದುಕೊಂಡಳು.