ಮಿಸ್ ಅರ್ಲೀನ್ ಹೊಲಿಗೆ

"ಈ ಹೊಲಿಗೆ ನಿನ್ನದಲ್ಲ!"

ವಾಷಿಂಗ್ಟನ್ ಅವೆನ್ಯೂ ಬೀದಿಯ ನಡುವೆ, ಅಷ್ಟು ಗದ್ದಲದಲ್ಲೂ ಆ ಮಾತು ಜೆನೀವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಎದುರು ತಂಡದಲ್ಲಿ ಕಂಜಿರ ಬಾರಿಸುತ್ತಿದ್ದ ಯುವಕನೊಬ್ಬ ಅವಳ ಉಡುಪಿನ ಮಣಿಕಸೂತಿಯನ್ನೇ ದಿಟ್ಟಿಸುತ್ತಿದ್ದ.

ಗರಿ-ಮಣಿಗಳ ಉಡುಪಿನಲ್ಲಿ ಯಾರು ಹೆಚ್ಚು ಚೆಂದ ಎಂದು ತಂಡಗಳು ಬೀದಿಯಲ್ಲೇ ಪೈಪೋಟಿಗಿಳಿಯುವ ಸೂಪರ್ ಸಂಡೇ ಹಬ್ಬದ ದಿನ, ನ್ಯೂ ಆರ್ಲಿಯನ್ಸಿನ ಅಷ್ಟು ಜನರೆದುರು, ತಂಡದ ರಾಣಿಯಾದ ಅವಳಿಗೆ ಇಂಥ ಮಾತೇ? ವರ್ಷವಿಡೀ ಕೂತು ಅವಳೇ ಹೊಲಿದ ಉಡುಪು. ಬೇರೆಯವರ ಕೈಯಲ್ಲಿ ಹೊಲಿಸಿಕೊಂಡು ಬೀದಿಗಿಳಿಯುವುದಕ್ಕಿಂತ ದೊಡ್ಡ ನಾಚಿಕೆಗೇಡು ಆ ತಂಡಗಳಲ್ಲಿ ಇನ್ನೊಂದಿಲ್ಲ.

"ಏನಂದೆ? ಹತ್ತು ಬೆರಳೂ ತೂತಾಗಿವೆ, ನೋಡು! ಮೈಮೇಲೆ ಒಂದು ಗರಿ ಇಲ್ಲ, ನನಗೆ ಹೇಳಕ್ಕೆ ಬಂದ!"

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಡೋಲು ಮೊಳಗಿ, ತಂಡಗಳು ಮುಂದೆ ಸಾಗಿದವು.

ಅವನ ಹೆಸರು ಲೂಸಿಯನ್. ಹ್ಯೂಸ್ಟನ್ನಿನಿಂದ ಆಗಷ್ಟೇ ಊರಿಗೆ ಮರಳಿದ್ದವನು. ಆಮೇಲೆ ಮೂರು ಸಲ ಅವಳ ಮನೆಗೆ ಬಂದ. ಮೂರು ಸಲವೂ ಜೆನೀವ ಕಿಟಕಿಯಿಂದಲೇ ಅಟ್ಟಿದಳು.

"ಒಂದೇ ಒಂದು ಮಾತು ಕೇಳು, ರಾಣಿ..."

"ಮಾತು ಬೇಡ. ತಾಕತ್ತಿದ್ರೆ ಹೊಲಿದು ತೋರ್ಸು!"

ಒಳಗಿದ್ದ ಅಪ್ಪ, ತಂಡದ ಮುಖ್ಯಸ್ಥರು, ನಕ್ಕರು. "ಹುಡುಗ ಜಗಳಕ್ಕೆ ಬಂದಂಗೆ ಕಾಣಲ್ವಲ್ಲೇ."

"ನೀವು ಸುಮ್ನಿರಿ ಅಪ್ಪಾ!"

ಆದರೂ... ಅವನು ನಾಲ್ಕನೇ ಸಲ ಬರದೇ ಹೋದಾಗ, ಅವಳಿಗೆ ಎರಡು ದಿನ ಸೂಜಿ ಹಿಡಿಯಲೇ ಮನಸ್ಸಾಗಲಿಲ್ಲ.

ಮತ್ತೊಂದು ಮಾರ್ಚ್, ಮತ್ತೊಂದು ಸೂಪರ್ ಸಂಡೇ ಬಂತು. ಕಿತ್ತಳೆ ಗರಿಗಳಲ್ಲಿ ಜೆನೀವ ಹೊರಬಂದಾಗ ಬೀದಿಯೇ ಕೇಕೆ ಹಾಕಿತು. ಎದುರಿನಿಂದ, ಹಳದಿ ಗರಿಗಳನ್ನು ಹೊತ್ತು, ಲೂಸಿಯನ್ ಬಂದ!

ಅವನ ಎದೆಯ ಮೇಲೆ ಮಣಿಗಳಲ್ಲೇ ಮೂಡಿದ ಚಿತ್ರ. ಕನ್ನಡಕದ ಹೆಂಗಸೊಬ್ಬಳು, ಸುತ್ತಲೂ ಸೂಜಿ ಹಿಡಿದ ಮಕ್ಕಳು.

ಜೆನೀವ ನಿಂತಲ್ಲೇ ನಿಂತಳು.

"ಮಿಸ್ ಅರ್ಲೀನ್! ಎಂಟು ವರ್ಷದವಳಿದ್ದಾಗ ಚರ್ಚಿನ ಹಾಲ್‌ನಲ್ಲಿ ನಂಗೆ ಹೊಲಿಗೆ ಕಲಿಸಿದ್ದೇ ಅವ್ರು. ಪ್ರವಾಹ ಬಂದ್ಮೇಲೆ ಎಲ್ಲಿ ಹೋದ್ರೋ... ನಿಂಗೆ ಹೇಗೆ ಗೊತ್ತು?"

"ನಮ್ಮಮ್ಮ."

ಅವನು ಎದೆಯ ಮೇಲಿನ ಚಿತ್ರವನ್ನು ಮುಟ್ಟಿಕೊಂಡ. "ಪ್ರವಾಹ ಆದ್ಮೇಲೆ ಹ್ಯೂಸ್ಟನ್ನಿಗೆ ಹೋದ್ವಿ, ಅಲ್ಲೇ ತೀರ್ಕೊಂಡ್ರು. ಅವರು ಹೊಲಿದಿದ್ದೆಲ್ಲ ನೀರುಪಾಲಾಯ್ತು, ಒಂದು ಎಳೆನೂ ಉಳೀಲಿಲ್ಲ ಅಂದ್ಕೊಂಡಿದ್ದೆ. ಹೋದ್ವರ್ಷ ನಿನ್ನ ಉಡುಪಿನ ಅಂಚಲ್ಲಿ ಅವರು ಹಾಕ್ತಿದ್ದಂಥದೇ ದಾರದ ಗಂಟು ಕಾಣಿಸ್ತು... ನಿನ್ನದಲ್ಲ, ನಮ್ಮಮ್ಮಂದು ಅನ್ನೋಕೆ ಹೊರಟಿದ್ದೆ. ಡೋಲು ಬಿಡ್ಲಿಲ್ಲ. ನೀನಂತೂ ಬಿಡ್ಲೇ ಇಲ್ಲ!"

ಅಯ್ಯೋ, ಎಂಥ ತಪ್ಪು ಮಾಡಿಬಿಟ್ಟೆ... ಜೆನೀವಳ ಕಣ್ಣು ತುಂಬಿತು. ಆ ಮಣಿಗಳ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಈ ಮೂಲೆ ಸೊಟ್ಟಗಿದೆ."

"ಮೊದಲ್ನೇ ಉಡುಪು ಕಣೇ!"

ಅವಳು ಜನರತ್ತ ತಿರುಗಿ, ಎರಡೂ ಕೈ ಮೇಲೆತ್ತಿ ಕೂಗಿದಳು. "ನೋಡ್ರೋ! ಮಿಸ್ ಅರ್ಲೀನ್ ಮಗ! ಎಷ್ಟು ಚೆಂದ ಇದಾನೆ ನೋಡಿ!"

ಎದುರು ತಂಡದವನನ್ನು ಚೆಂದ ಎಂದು ಒಪ್ಪಿಕೊಳ್ಳುವುದು ಆ ಬೀದಿಯಲ್ಲಿ ಸಣ್ಣ ಮಾತಲ್ಲ. ಎರಡೂ ತಂಡಗಳು ಹೋ ಎಂದವು. ಅವಳ ಅಪ್ಪ ಹೆಮ್ಮೆಯಿಂದ ಕಣ್ಣೊರೆಸಿಕೊಂಡರು.

"ಜೆನೀವ..." ಲೂಸಿಯನ್ ಮೆಲ್ಲಗೆ ಹೇಳಿದ. "ಇಷ್ಟೊಂದು ಸೂಜಿ ಚುಚ್ಚಿಸ್ಕೊಂಡಿದ್ದು ಅಮ್ಮನಿಗೋಸ್ಕರ ಮಾತ್ರ ಅಲ್ಲ. ನಿನ್ನನ್ನ ಪ್ರೀತಿಸ್ತೀನಿ."

ನಾಳೆಯಿಂದಲೇ ಹೊಸ ಉಡುಪಿನ ಹೊಲಿಗೆ ಶುರು. ಅದರ ಬಣ್ಣವನ್ನು ಯಾವ ರಾಣಿಯೂ ಹಬ್ಬದ ತನಕ ಬಾಯಿಬಿಡುವುದಿಲ್ಲ, ಎದುರು ತಂಡದವರಿಗಂತೂ ಸತ್ತರೂ ಇಲ್ಲ.

ಜೆನೀವ ಅವನ ಕಿವಿಯ ಹತ್ತಿರ ತುಟಿ ತಂದಳು.

"ನೇರಳೆ."

ಲೂಸಿಯನ್ ಬೆರಗಾಗಿ ನೋಡಿದ. "ನಂಗ್ಯಾಕೆ ಹೇಳ್ದೆ?"

"ಇನ್ನೂ ಅರ್ಥ ಆಗ್ಲಿಲ್ವಾ, ದಡ್ಡ?"