ಪರಸ್ಕೆವಿಯ ಕಣ್ಣಿನ ಸುಣ್ಣ

1998ರ ನವೆಂಬರ್ 10, ಮಂಗಳವಾರ. ಬೆಳಿಗ್ಗೆ 8.25ಕ್ಕೆ ಠಾಣೆಯ ಫೋನು ಹೊಡೆದುಕೊಂಡಿತು. ಎತ್ತಿಕೊಂಡ ಕಾನ್‌ಸ್ಟೇಬಲ್ ನಿಕಿತಾಸ್‌ಗೆ ಆ ಕಡೆಯ ದನಿ ಕೇಳಿ, ಯಾರದೋ ಮನೆಯಲ್ಲಿ ಸಾವಾಗಿರಬೇಕು ಅನ್ನಿಸಿತು. ಮಾತಾಡುತ್ತಿದ್ದವನು ಲಿಥೋವ್ರಿಸಿ ಹಳ್ಳಿಯ ಲಿಂಬೇರಿಸ್ ಕುತ್ರೆಯಾಸ್. ಅಲ್ಲಿನ ಹಳೆಯ ಚರ್ಚಿಗೆ ಪುರಾತತ್ವ ಇಲಾಖೆ ನೇಮಿಸಿದ ಕಾವಲುಗಾರ. ಬೀಗ ಮುರಿದಿದೆ, ಒಳಗೆ ಸಂತ ಪರಸ್ಕೆವಿಯ ಎರಡೂ ಕಣ್ಣುಗಳನ್ನು ಯಾರೋ ಕೆರೆದು ತೆಗೆದಿದ್ದಾರೆ ಎಂದು ಹೇಳಿ ಫೋನಿಟ್ಟ.

ಇನ್ಸ್‌ಪೆಕ್ಟರ್ ದಾಫ್ನಿ ಕರಬೇಲಾ ಠಾಣಾ ದಿನಚರಿಯಲ್ಲಿ ವೇಳೆ ಬರೆದು ಜೀಪು ಹತ್ತಿದರು. ಅವರು ಲಾರಿಸಾದ ಬಯಲು ಸೀಮೆಯವರು, ಗ್ರೀಸಿನ ದಕ್ಷಿಣ ತುದಿಯ ಈ ಮಾನಿ ಸೀಮೆಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ನಿಕಿತಾಸ್ ಇಲ್ಲಿಯೇ ಹುಟ್ಟಿದವನು. ದಾರಿಯುದ್ದಕ್ಕೂ ಆಲಿವ್ ತೋಪುಗಳಲ್ಲಿ ಜನ ಬಲೆ ಹಾಸಿ ಕಾಯಿ ಬಡಿಯುತ್ತಿದ್ದರು. ಊರೊಳಗೆ ನಾಯಿ ಬಿಟ್ಟರೆ ಯಾರೂ ಕಾಣಲಿಲ್ಲ.

9.50ಕ್ಕೆ ಪಂಚನಾಮೆ ಶುರುವಾಯಿತು. ಊರಿನ ಪಾದ್ರಿ ಮತ್ತು ಕಾಫಿ ಅಂಗಡಿಯವನು ಪಂಚರು. ಚರ್ಚು ಚಿಕ್ಕದು, ಬಾಗಿಲಿಂದ ಪೀಠಕ್ಕೆ ಹನ್ನೆರಡು ಹೆಜ್ಜೆ. ಕಟ್ಟಿ ಒಂಬೈನೂರು ವರ್ಷವಾಗಿದೆ. ಗೋಡೆ ತುಂಬ ಸಾಲಾಗಿ ನಿಂತ ಸಂತರ ಚಿತ್ರಗಳು. ಕೈಗೆಟಕುವ ಎತ್ತರದಲ್ಲಿದ್ದ ಒಬ್ಬ ಸಂತನಿಗೂ ಕಣ್ಣಿಲ್ಲ. ಆ ಗಾಯಗಳು ಹಳೆಯವು, ಹೊಗೆ ಹಿಡಿದು ಕಪ್ಪಾಗಿದ್ದವು. ಪರಸ್ಕೆವಿಯ ಚಿತ್ರ ಮಾತ್ರ ಯಾವ ಕಾಲದಲ್ಲೋ ಬಳಿದ ಸುಣ್ಣದ ಕೆಳಗೆ ಅಡಗಿಕೊಂಡು ಉಳಿದಿತ್ತು. 1974ರಲ್ಲಿ ಇಲಾಖೆಯವರು ಸುಣ್ಣ ಬಿಡಿಸಿದಾಗ ಆಕೆ ಎರಡೂ ಕಣ್ಣು ಬಿಟ್ಟು ನೋಡುತ್ತಿದ್ದಳು. ಈಗ ಆ ಜಾಗದಲ್ಲಿ ಬೆರಳ ತುದಿಯಷ್ಟಗಲದ ಎರಡು ಬಿಳಿ ಗುಳಿಗಳಿದ್ದವು.

ಪಾದ್ರಿ ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡರು. ಕೊಲ್ಲಿಸಲು ಹೊರಟ ದೊರೆಗೂ ಕಣ್ಣು ಕೊಟ್ಟ ತಾಯಿ ಇವಳು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಕತೆ ಊರಿಗೆಲ್ಲ ಗೊತ್ತು. ಚಕ್ರವರ್ತಿ ಅವಳನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಇಳಿಸಿದ. ಅವಳಿಗೆ ಏನೂ ಆಗಲಿಲ್ಲ. ಎಣ್ಣೆ ನಿಜವಾಗಿ ಕಾದಿದೆಯೋ ಇಲ್ಲವೋ ಎಂದು ಬಗ್ಗಿದ ಅವನ ಮುಖಕ್ಕೆ ಅವಳು ಒಂದು ಬೊಗಸೆ ಎರಚಿದಳು, ಅವನ ಕಣ್ಣು ಹೋದವು. ಬೇಡಿಕೊಂಡಾಗ ಪ್ರಾರ್ಥನೆ ಮಾಡಿ ವಾಪಸು ಕೊಟ್ಟಳು. ಅಂದಿನಿಂದ ಕಣ್ಣು ನೋವಿನವರೆಲ್ಲ ಅವಳ ಬಳಿ ಬರುತ್ತಾರೆ. ಚಿತ್ರದ ಕೆಳಗಿನ ತಂತಿಯಲ್ಲಿ ಹರಕೆಯ ಬೆಳ್ಳಿ ಕಣ್ಣುಗಳು ಜೋತಾಡುತ್ತಿದ್ದವು. ಅವುಗಳಲ್ಲಿ ಒಂದೂ ಕಳುವಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಎರಡು ವಿಷಯ ಗುರುತು ಹಾಕಿಕೊಂಡರು. ಒಂದು, ನೆಲದ ಮೇಲೆ ಸುಣ್ಣದ ಒಂದು ಹರಳೂ ಬಿದ್ದಿರಲಿಲ್ಲ. ಕೆರೆದವನು ಪುಡಿಯನ್ನು ಹಿಡಿದುಕೊಂಡು ಹೋಗಿದ್ದಾನೆ. ಇನ್ನೊಂದನ್ನು ತೋರಿಸಿದವನು ನಿಕಿತಾಸ್. ಬಾಗಿಲಿನ ಹೊರಗೆ ಹಾಕುವ ಬೀಗವನ್ನು ಗರಗಸದಿಂದ ಕೊಯ್ದಿದ್ದರು, ಆದರೆ ಕಬ್ಬಿಣದ ಪುಡಿ ಹೊರಗಿನ ಮೆಟ್ಟಿಲ ಮೇಲಿರಲಿಲ್ಲ, ಹೊಸ್ತಿಲ ಒಳಗಿತ್ತು. ಅದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಮೊಹರು ಹಾಕಿದರು.

ಲಿಂಬೇರಿಸ್‌ಗೆ ಐವತ್ತೇಳು ವರ್ಷ. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಅಂಗಿ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಓದಿದ್ದು ಆರನೇ ಇಯತ್ತೆ, ಆದರೆ ಈ ಚರ್ಚಿನ ಚರಿತ್ರೆಯ ಬಗ್ಗೆ ಒಂದು ಪುಸ್ತಿಕೆ ಬರೆದಿದ್ದ. ಭಾನುವಾರ ಮಧ್ಯಾಹ್ನ ಎರಡಕ್ಕೆ ಬೀಗ ಹಾಕಿದೆ, ಸೋಮವಾರ ರಜೆ, ದಿನವಿಡೀ ತೋಪಿನಲ್ಲಿದ್ದೆ, ಇವತ್ತು ಬಂದು ನೋಡಿದೆ ಎಂದು ಹೇಳಿಕೆ ಕೊಟ್ಟ. ಯಾರ ಮೇಲಾದರೂ ಅನುಮಾನವಿದೆಯೇ ಎಂದರೆ ಇಲ್ಲವೆಂದ.

ಪಾದ್ರಿಗಳು ಮಾತ್ರ ಒಂದು ಹೆಸರು ಹೇಳಿದರು. ಮೆಟಾಕ್ಸಿಯಾ. 1979ರಲ್ಲಿ ಇದೇ ಜಾಗದಲ್ಲಿ ಅವಳು ಗೋಡೆ ಕೆರೆಯಲು ಚಮಚ ಹಿಡಿದು ಸಿಕ್ಕಿಬಿದ್ದಿದ್ದಳು.

“ಅವಳಲ್ಲ” ಎಂದ ಲಿಂಬೇರಿಸ್.

“ಹೆಂಗೆ ಹೇಳ್ತೀರಿ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಅವಳಲ್ಲ ಅಷ್ಟೇ.”

ಮೆಟಾಕ್ಸಿಯಾ ತೋಪಿನಲ್ಲಿ ಬಲೆಯ ಮೇಲೆ ಮಂಡಿಯೂರಿ ಎಲೆ ಆರಿಸುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಪೊಲೀಸರನ್ನು ಕಂಡರೂ ಏಳಲಿಲ್ಲ.

“ಬಂದ್ರಾ? ಪಾದ್ರಿಗಳ ಬಾಯಿ ಇಷ್ಟು ಹೊತ್ತು ಸುಮ್ನಿದ್ದಿದ್ದೇ ಹೆಚ್ಚು” ಎಂದಳು.

ಸೋಮವಾರ ಎಲ್ಲಿದ್ದೆ ಎಂದು ಕೇಳಿದ್ದಕ್ಕೆ ಸುತ್ತ ಇದ್ದ ಎಂಟು ಜನರನ್ನು ಕೈಯಲ್ಲೇ ತೋರಿಸಿದಳು. ಅವರೆಲ್ಲರೂ ಹೌದೆಂದರು. ಹಳೆಯ ಪ್ರಕರಣವನ್ನು ಅವಳೇ ಹೇಳಿದಳು. ಮಗಳು ವಾಸೋಗೆ ಆಗ ನಾಲ್ಕು ವರ್ಷ, ಒಂದು ಕಣ್ಣು ಕೆಂಪಾಗಿ ಬಾತಿತ್ತು. ಡಾಕ್ಟರು ಕೊಟ್ಟ ಔಷಧಿ ಹಾಕುತ್ತಿದ್ದರೂ ಕಡಿಮೆಯಾಗಿರಲಿಲ್ಲ. ಮೆಟಾಕ್ಸಿಯಾಳ ಅವ್ವ, ಅಜ್ಜಿ ಎಲ್ಲರೂ ಸಂತರ ಕಣ್ಣಿನ ಸುಣ್ಣವನ್ನು ನೀರಿಗೆ ಹಾಕಿ ಕುಡಿಸುತ್ತಿದ್ದವರು. ಸಂತರ ಕಣ್ಣು ಕಿತ್ತವರು ಹಿಂದೆ ಆಳಿದ ತುರ್ಕರು ಎಂದು ಊರ ಗಂಡಸರು ಹೇಳುತ್ತಿದ್ದರು, ಹೆಂಗಸರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಅದು ತುರ್ಕರ ಕೆಲಸವಲ್ಲ, ನಮ್ಮ ಹೆಂಗಸರ ಅಜ್ಞಾನ ಎಂದು ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದವನು ಲಿಂಬೇರಿಸ್. ಅವತ್ತು ಅವಳ ಚಮಚ ಕಿತ್ತುಕೊಂಡು ದೂರು ಕೊಟ್ಟವನೂ ಅವನೇ. ಕೋರ್ಟಿನಲ್ಲಿ ದಂಡ ಬಿತ್ತು. ವಾಸೋಳ ಆ ಕಣ್ಣು ಹೋಯಿತು.

“ಸುಣ್ಣ ಕುಡಿಸಿದ್ರೆ ಉಳೀತಿತ್ತಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ ಮೇಡಂ. ನಾನೇನು ದಡ್ಡಿಯಲ್ಲ.” ಮೆಟಾಕ್ಸಿಯಾ ಎಲೆಗಳನ್ನು ಆಚೆಗೆ ತಳ್ಳಿದಳು. “ಆದ್ರೆ ನನ್ನ ಕೈಲಾದ್ದೆಲ್ಲ ಮಾಡ್ದೆ ಅನ್ನೋದೊಂದು ಉಳೀತಿತ್ತು. ಅದನ್ನೂ ಬಿಡ್ಲಿಲ್ಲ ಅವನು.”

ಹೊರಡುವಾಗ ಇನ್ಸ್‌ಪೆಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು. ಲಿಂಬೇರಿಸ್ ನಿನ್ನೆ ದಿನವಿಡೀ ಇಲ್ಲಿದ್ದನೇ? ಪಕ್ಕದ ತೋಪಿನವರು ಉತ್ತರ ಕೊಟ್ಟರು. ಹನ್ನೆರಡಕ್ಕೆ ಮನೆಗೆ ಹೋದ, ದಿನಾ ಹೋಗುತ್ತಾನೆ, ಹೆಂಡತಿಗೆ ಊಟ ಕೊಡಬೇಕು. ಅರ್ಧ ಗಂಟೆಯಲ್ಲಿ ಬರುವವನು ನಿನ್ನೆ ಬಂದಾಗ ಒಂದೂವರೆ ದಾಟಿತ್ತು.

ಬುಧವಾರ 11.15ಕ್ಕೆ ಸ್ಪಾರ್ಟಾದಿಂದ ಪುರಾತತ್ವ ಇಲಾಖೆಯ ಮಿರ್ಸಿನಿ ಬಂದಳು. ಹಳೆಯ ಭಿತ್ತಿಚಿತ್ರ ದುರಸ್ತಿ ಮಾಡುವುದು ಅವಳ ಕೆಲಸ. ದೀಪ ಹಿಡಿದು ಗೋಡೆಯ ಮುಂದೆ ಬಹಳ ಹೊತ್ತು ಕೂತಳು. ಆಮೇಲೆ ಚೀಲದಿಂದ ಒಂದು ನಕ್ಷೆ ತೆಗೆದು ಬಿಚ್ಚಿದಳು. 1974ರಲ್ಲಿ ಸುಣ್ಣ ಬಿಡಿಸುವಾಗ ಬಲಗಣ್ಣಿನ ಕೆಳಭಾಗ ಉದುರಿತ್ತು, ಅಲ್ಲಿಗೆ ಹೊಸ ಗಾರೆ ತುಂಬಿ ಅದೇ ಬಣ್ಣ ಹಚ್ಚಿದ್ದರು. ಬರಿಗಣ್ಣಿಗೆ ವ್ಯತ್ಯಾಸವೇ ತಿಳಿಯದು. ನಕ್ಷೆಯಲ್ಲಿ ಆ ತುಂಡನ್ನು ಕೆಂಪು ಗೆರೆಯಿಂದ ಗುರುತಿಸಿದ್ದರು.

“ಇಲ್ಲಿ ನೋಡಿ” ಎಂದಳು. ಕೆರೆದವನ ಕತ್ತಿ ಸರಿಯಾಗಿ ಆ ಗೆರೆಯ ತನಕ ಬಂದು ನಿಂತಿತ್ತು. ಹೊಸ ಗಾರೆಯನ್ನು ಕೂದಲೆಳೆಯಷ್ಟೂ ಮುಟ್ಟಿರಲಿಲ್ಲ. “ಹಳೇ ಸುಣ್ಣ ಮಾತ್ರ ಬೇಕಾಗಿತ್ತು ಇವನಿಗೆ.”

“ಈ ನಕ್ಷೆ ಯಾರ ಹತ್ರ ಇದೆ?”

“ನಮ್ಮ ಕಚೇರಿಯಲ್ಲಿ ಒಂದು.” ಅವಳು ನಕ್ಷೆ ಮಡಿಸತೊಡಗಿದಳು. “ಇನ್ನೊಂದು ಲಿಂಬೇರಿಸ್ ಹತ್ರ. ಅವನೇ ಬಹಳ ಆಸೆಪಟ್ಟು ಕೇಳಿ ಇಸ್ಕೊಂಡಿದ್ದ.”

ಲಿಂಬೇರಿಸ್ ಹೊರಗೆ ತನ್ನ ಕುರ್ಚಿಯಲ್ಲಿ ಕೂತಿದ್ದ. ಇನ್ಸ್‌ಪೆಕ್ಟರ್ ಪಕ್ಕದ ಕಲ್ಲಿನ ಮೇಲೆ ಕೂತರು. ಕಬ್ಬಿಣದ ಪುಡಿ ಹೊಸ್ತಿಲೊಳಗೆ ಬಿದ್ದದ್ದನ್ನು ಹೇಳಿದರು. ನಕ್ಷೆಯ ವಿಷಯ ಹೇಳಿದರು. ಸೋಮವಾರದ ಒಂದೂವರೆ ಗಂಟೆಯ ವಿಷಯ ಹೇಳುವ ಮೊದಲೇ ಅವನು ಕೀಲಿಗೊಂಚಲನ್ನು ಸೊಂಟದಿಂದ ಬಿಚ್ಚಿ ಅವರ ಕೈಗೆ ಕೊಟ್ಟ.

“ಕೀಲಿ ಹಾಕಿ ಬೀಗ ತೆಗೆದು, ಬಾಗ್ಲು ಮುಚ್ಕೊಂಡು ಒಳಗೇ ಕೊಯ್ದೆ. ಯಾರಾದ್ರೂ ನೋಡ್ತಾರೆ ಅಂತ” ಎಂದ. “ಹೊಸ ಗಾರೆ ಮುಟ್ಲಿಲ್ಲ. ಅದು ಅವಳ ಕಣ್ಣಲ್ಲ.”

12.40ಕ್ಕೆ ದಸ್ತಗಿರಿ. ಕೋಳ ತೊಡಿಸಲಿಲ್ಲ. ಅವನನ್ನು ಜೀಪಿನಲ್ಲಿ ನಿಕಿತಾಸ್ ಜೊತೆ ಕೂರಿಸಿ, ಸಲಕರಣೆ ಜಪ್ತಿಗೆಂದು ಇನ್ಸ್‌ಪೆಕ್ಟರ್ ಮನೆಗೆ ಹೋದರು. ಒಳಗೆ ಹೋಗುವಾಗ ಪಂಚರನ್ನು ಅಂಗಳದಲ್ಲೇ ನಿಲ್ಲಿಸಿದರು.

ಹೆಂಡತಿ ಗರುಫಾಲಿಯಾ ಅಡುಗೆಮನೆಯ ಕಿಟಕಿ ಬಳಿ ಬೇಯಿಸಿದ ಕಾಡು ಸೊಪ್ಪನ್ನು ಹಿಂಡುತ್ತಿದ್ದಳು. ಗ್ಲಾಕೋಮಾದಿಂದ ಆಕೆಯ ಎರಡೂ ಕಣ್ಣು ಹೋಗಿದ್ದವು. ಕಲಮಾಟಾದ ಡಾಕ್ಟರು ಹೋದ ಆಗಸ್ಟಿನಲ್ಲಿ ಇನ್ನು ಬರಬೇಡಿ ಎಂದಿದ್ದರು. ಹೆಜ್ಜೆ ಸದ್ದಿಗೇ ಆಕೆ ಪೊಲೀಸರೆಂದು ತಿಳಿದುಕೊಂಡಳು. ಕತ್ತಿ ಮೇಜಿನ ಎರಡನೇ ಖಾನೆಯಲ್ಲಿದೆ, ಪುಡಿ ಉಳಿದದ್ದು ಸಕ್ಕರೆ ಬಟ್ಟಲ ಹಿಂದೆ ಚೀಟಿಯಲ್ಲಿದೆ ಎಂದು ತಾನೇ ಹೇಳಿದಳು. ಅವನು ಬಚ್ಚಿಡುವುದು ಆಕೆಗೆ ಕೇಳಿಸಿತ್ತು.

“ನೀವು ಕುಡಿದ್ರಾ?”

“ಕುಡಿದೆ.” ಆಕೆ ಕೈ ಒರೆಸಿಕೊಂಡಳು. “ನಾಲ್ಕು ವರ್ಷದ ಹಿಂದೆ ಕೇಳಿದ್ದೆ ಅವನ್ನ. ಒಂದು ಚಿಟಿಕೆ ತಂದ್ಕೊಡು ಅಂತ. ಎದುರಿಗೆ ಕೂರಿಸ್ಕೊಂಡು ಸುಣ್ಣ ಅಂದ್ರೇನು, ಬಣ್ಣ ಅಂದ್ರೇನು ಅಂತ ಪಾಠ ಮಾಡ್ದ. ಇನ್ನೆರಡು ಸಲ ಕೇಳ್ದೆ. ಆಮೇಲೆ ಬಿಟ್ಟೆ. ನಂಬಿಕೆನೂ ಹೋಯ್ತು. ಅವನು ಹೇಳಿದ್ದು ಸರಿ ಅನ್ನಿಸ್ತು ನನಗೂ.”

“ಮತ್ತೆ ಸೋಮವಾರ?”

“ಸೋಮವಾರ ಲೋಟ ಕೈಗಿಟ್ಟು, ಇಗೋ ನೀನು ಕೇಳಿದ್ದು ಅಂದ. ಅವನೇ ಎತ್ತಿ ಬಾಯಿಗೆ ಹಿಡಿದ. ಲೋಟ ಹಲ್ಲಿಗೆ ತಾಗ್ತು.” ಆಕೆ ಸೊಪ್ಪಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. “ಬೇಡ ಅಂತ ಹೆಂಗೆ ಹೇಳ್ಲಿ? ಇಪ್ಪತ್ತಾರು ವರ್ಷ ಕಾಯ್ದದ್ದನ್ನ ಕಿತ್ಕೊಂಡು ಬಂದಿದ್ದಾನೆ. ಕುಡಿದೆ. ಸಂಜೆ ಕಿಟಕಿ ಹತ್ರ ಒಂಚೂರು ಬೆಳಕು ಕಾಣ್ತಿದೆ ಅಂದೆ. ಸುಳ್ಳು. ಅವನು ಅತ್ತ. ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ಅವನು ಅತ್ತದ್ದು ಕೇಳಿರ್ಲಿಲ್ಲ ನಾನು.”

ಇನ್ಸ್‌ಪೆಕ್ಟರ್ ಬರೆಯಲೆಂದು ಪೆನ್ನು ತೆಗೆದಿದ್ದರು. ಆ ಸದ್ದು ಆಕೆಗೆ ಕೇಳಿಸಿರಬೇಕು.

“ಅದೊಂದು ಬರೀಬೇಡಿ ಮೇಡಂ. ಕೋರ್ಟಲ್ಲಿ ಓದ್ತಾರೆ.”

ಗಂಡನ ವಿರುದ್ಧ ಹೇಳಿಕೆ ಕೊಡಲೇಬೇಕೆಂದು ಹೆಂಡತಿಯನ್ನು ಕಾನೂನು ಒತ್ತಾಯಿಸುವುದಿಲ್ಲ. ಇನ್ಸ್‌ಪೆಕ್ಟರ್ ಪಂಚರನ್ನು ಒಳಗೆ ಕರೆದು, ಕತ್ತಿ ಒಂದು, ಪುಡಿಯ ಚೀಟಿ ಒಂದು ಎಂದು ಜಪ್ತಿ ಪಟ್ಟಿ ಬರೆದರು. ಸಾಕ್ಷಿ ಹೇಳಿಕೆಯ ಜಾಗದಲ್ಲಿ, ಹೇಳಿಕೆ ನೀಡಲು ಇಚ್ಛಿಸಲಿಲ್ಲ ಎಂದು ಬರೆದು ಸಹಿ ಹಾಕಿದರು.

ಆ ಪ್ರಕರಣ ಮುಗಿಯಲು ವರ್ಷ ಹಿಡಿಯಿತು. ಲಿಂಬೇರಿಸ್‌ನ ಕೆಲಸ ಹೋಯಿತು. ಅವನಿಗೆ ಶಿಕ್ಷೆಯಾಯಿತು, ಆದರೆ ಅದನ್ನು ಅಮಾನತಿನಲ್ಲಿಟ್ಟರು, ಜೈಲಿಗೆ ಹೋಗಬೇಕಾಗಲಿಲ್ಲ. ಚರ್ಚಿನೊಳಗೆ ಕಾಲಿಡಬಾರದು ಎಂಬ ಷರತ್ತು ಮಾತ್ರ ಉಳಿಯಿತು. ಕಣ್ಣುಗಳನ್ನು ಮತ್ತೆ ಬರೆಯುವುದು ಬೇಡವೆಂದು ಮಿರ್ಸಿನಿ ವರದಿ ಕೊಟ್ಟಳು. ಇದೂ ಆ ಗೋಡೆಯ ಚರಿತ್ರೆಯೇ ಎಂಬುದು ಅವಳ ವಾದ.

ಆದರೆ ದಾಫ್ನಿ ಕರಬೇಲಾ ಅವರಿಗೆ ಬಹುಕಾಲ ಮರೆಯಲಾಗದೆ ಉಳಿದದ್ದು ಅದೇ ಬುಧವಾರದ ಸಂಜೆ. ಠಾಣೆಯಲ್ಲಿ ಆರೋಪಿಯ ಹೇಳಿಕೆ ಬರೆದುಕೊಂಡರು. ಲಿಂಬೇರಿಸ್ ದಿನಾಂಕ, ವೇಳೆ, ಕತ್ತಿಯ ಅಳತೆ ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದ. ಮೆಟಾಕ್ಸಿಯಾಳ ಹೆಸರನ್ನು ಯಾಕೆ ಅಲ್ಲಗಳೆದೆ ಎಂದು ಕೇಳಿದಾಗ, ಒಂದು ಸಲ ಅವಳಿಗೆ ಮಾಡಿದ್ದೇ ಸಾಕು ಎಂದ. ಕೊನೆಗೆ ಇನ್ಸ್‌ಪೆಕ್ಟರ್ ತಾವು ಬರೆದದ್ದನ್ನು ಓದಿ ಹೇಳಿದರು. ಅದರಲ್ಲಿ ‘ಸದರಿ ಪುಡಿಯಿಂದ ಹೆಂಡತಿಗೆ ದೃಷ್ಟಿ ಮರಳುವುದೆಂದು ನಂಬಿ ಈ ಕೃತ್ಯ ಎಸಗಿರುತ್ತೇನೆ’ ಎಂಬ ಸಾಲಿತ್ತು.

“ಆ ಸಾಲು ಹೊಡೆದುಹಾಕಿ” ಎಂದ ಲಿಂಬೇರಿಸ್. “ನಾನು ನಂಬಿರ್ಲಿಲ್ಲ. ಅದು ಬರೀ ಸುಣ್ಣ. ನಾನೇ ಬರೆದಿದೀನಿ, ಪುಸ್ತಕದಲ್ಲಿದೆ.”

“ಮತ್ತೆ ಯಾಕೆ ಮಾಡಿದ್ರಿ?”

“ಅವಳು ನಂಬಿದ್ಳು. ನಾಲ್ಕು ವರ್ಷ ತನ್ನ ನಂಬಿಕೆ ಇಟ್ಕೊಂಡು ಒಬ್ಳೇ ಕತ್ತಲಾಗ್ತಾ ಹೋದ್ಳು. ನಾನು ಪಕ್ಕದಲ್ಲೇ ಕೂತು ಸರಿ ತಪ್ಪು ಹೇಳ್ತಿದ್ದೆ.” ಅವನು ಮೇಜಿನ ಅಂಚನ್ನು ಹಿಡಿದುಕೊಂಡ. “ನಂಬಿದ್ದು ಅವಳು. ಹಂಗಂತ ಬರೀರಿ. ಸೋಮವಾರ ಸಂಜೆ ಅವಳಿಗೆ ಬೆಳಕು ಕಂಡಿದೆ. ಅದೂ ಬರೀರಿ.”

ನಿಕಿತಾಸ್ ತಲೆ ಎತ್ತಿ ಇನ್ಸ್‌ಪೆಕ್ಟರ್ ಕಡೆ ನೋಡಿದ. ಅವರು ಅವನತ್ತ ನೋಡಲಿಲ್ಲ. ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಕಿರು ಸಹಿ ಹಾಕಿ, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು. ಲಿಂಬೇರಿಸ್ ಕನ್ನಡಕ ಏರಿಸಿ ನಿಧಾನವಾಗಿ ಓದಿದ, ಸರಿಯಿದೆ ಎಂದು 5.40ಕ್ಕೆ ರುಜು ಮಾಡಿದ.