ಇದ್ದಲಿ ಗೀಟಿನ ತತ್ತಿ

“ಥೂ! ಥೂ! ಕಿಡಕಿ ತಗಿಯಲೇ ಮೂಕಿ, ಮೊದ್ಲು ಕಿಡಕಿ ತಗಿ!”

ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಅವಳ ಕೈಯಲ್ಲಿದ್ದ ಬಟ್ಟಲಿನಲ್ಲಿ ಆಗತಾನೆ ಒಡೆದ ತತ್ತಿ ಕಪ್ಪಗೆ ಹರಡಿತ್ತು. ಅಬ್ಬಬ್ಬಾ, ಅದೆಂಥ ನಾತ! ರಾಯಚೂರಿನ ಆ ಸಣ್ಣ ಮನೆಯಲ್ಲಿ ಉಸಿರಾಡುವುದೇ ಕಷ್ಟವಾಯಿತು.

“ನೋಡ್ರಿ, ನಿಮ್ಮವ್ವನ ಜವಾರಿ ತತ್ತಿ!” ಅವ್ವ ಹಿತ್ತಲಿನಿಂದಲೇ ಕೂಗಿದಳು. “ನಾಳಿ ನಿಮ್ಮೂರು ಕುರ್ಡಿಗಿ ಹೊಂಟೀರಲ್ಲ, ಇನ್ಮ್ಯಾಗ ತತ್ತಿ ತರಬ್ಯಾಡ ಅಂತ ಹೇಳಿಬಿಡ್ರಿ. ಅಂಗಡ್ಯಾಗ ಬೆಳ್ಳನ ಫಾರಂ ತತ್ತಿ ಸಿಗ್ತಾವ.”

“ಆತು, ಹೇಳ್ತೀನಿ” ಎಂದ ಅಪ್ಪ ಪೇಪರಿನಿಂದ ತಲೆ ಎತ್ತದೆ.

ಮೂಕಮ್ಮನಿಗೆ ಮೈಯೆಲ್ಲ ಉರಿಯಿತು. ಹೆಸರಷ್ಟೇ ಮೂಕಮ್ಮ. ಐದನೇ ಕ್ಲಾಸಿನಲ್ಲಿ ಅವಳಷ್ಟು ಬಾಯಿ ಇನ್ನೊಬ್ಬರಿಗೆ ಇರಲಿಲ್ಲ. “ನಮ್ಮಜ್ಜಿ ತತ್ತಿ ಕೆಡಾಕ ಸಾಧ್ಯನ ಇಲ್ಲ!” ಎಂದು ಕಿರುಚಿದಳು.

“ಮತ್ತ ಈ ನಾತ ಏನು, ಅತ್ತರೇನು?” ಎಂದಳು ಅವ್ವ.

ಸಾಧ್ಯವೇ ಇಲ್ಲ! ಜಂಬಮ್ಮಜ್ಜಿ ತತ್ತಿ ಕಾಪಾಡುವುದನ್ನು ಮೂಕಮ್ಮ ದಸರಾ ರಜೆಯಲ್ಲಿ ಕಣ್ಣಾರೆ ನೋಡಿದ್ದಳು. ಅಜ್ಜಿ ತತ್ತಿಗೆ ನೀರು ತಾಗಿಸುವುದಿಲ್ಲ, ಒಣ ಬಟ್ಟೆಯಲ್ಲಿ ಒರೆಸುತ್ತಾಳೆ ಅಷ್ಟೆ. ತಂಪು ಮೂಲೆಯ ಗಡಿಗೆಯಲ್ಲಿ ಜೋಳ ತುಂಬಿ, ಚೂಪು ತುದಿ ಕೆಳಗೆ ಮಾಡಿ ಒಂದೊಂದಾಗಿ ಹೂಳುತ್ತಾಳೆ. ಒಡೆದರೆ ಒಳಗೆ ಭಂಡಾರದ ಬಣ್ಣದ ಹಳದಿ ಗುಂಡಗೆ ಎದ್ದು ನಿಲ್ಲುತ್ತದೆ. ಬಿಸಿ ರೊಟ್ಟಿಯ ಜೊತೆ ಆ ತತ್ತಿ ಪಲ್ಯ ತಿಂದವರು ಕೈ ತೊಳೆಯಲು ಏಳುವುದಿಲ್ಲ. ಫಾರಂ ತತ್ತಿಯ ಹಳದಿಯೋ, ಜ್ವರ ಬಂದವರ ಮುಖದಂತೆ ಬಿಳಿಚಿಕೊಂಡಿರುತ್ತದೆ.

ಅದೂ ಅಲ್ಲದೆ, ಹದಿನೈದು ದಿನಕ್ಕೊಮ್ಮೆ ಅಜ್ಜಿ ಬಸ್ಸು ಹತ್ತಿ ಬರುವುದು ಈ ತತ್ತಿ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡೇ. ಹಬ್ಬಕ್ಕೆ ಕರೆದರೂ, “ಬರಿಗೈಲೆ ಹೆಂಗ ಬರ್ಲೆಪಾ?” ಅನ್ನುವವಳು ಅವಳು. ತತ್ತಿ ಬೇಡ ಅಂದರೆ ಅಜ್ಜಿಯೂ ಬರುವುದಿಲ್ಲ. ಅಪ್ಪನಿಗೆ ಅಷ್ಟೂ ಗೊತ್ತಾಗಬಾರದೇ?

ಈ ಸಲ ರಜೆ ಮುಗಿಸಿ ಡಬ್ಬಿ ತಂದವಳು ಮೂಕಮ್ಮನೇ. ಅಜ್ಜಿ ಎಣಿಸಿ ಇಟ್ಟದ್ದು ಹನ್ನೆರಡು. ಮನೆಗೆ ಬಂದದ್ದು ಹದಿಮೂರು. ಆ ಒಂದು ಹೆಚ್ಚಾದ ಗುಟ್ಟು ಮೂಕಮ್ಮನಿಗೆ ಮಾತ್ರ ಗೊತ್ತಿತ್ತು.

ಅವಳು ಡಬ್ಬಿಯ ಜೋಳದಲ್ಲಿ ಕೈಯಾಡಿಸಿದಳು. ಒಳಗೆ ಎರಡು ಬಿಳಿ ತತ್ತಿ ಸಿಕ್ಕವು! ಅಂಗಡಿಯವನ್ನೂ ಅವ್ವ ಇದರಲ್ಲೇ ಇಟ್ಟಿದ್ದಳು. “ಹಾಂ! ಸಿಕ್ರಲ್ಲ ಕಳ್ಳರು!” ಎಂದುಕೊಂಡ ಮೂಕಮ್ಮ ಕೆಟ್ಟ ತತ್ತಿಯ ಚಿಪ್ಪನ್ನು ಕಾಗದದಲ್ಲಿ ಸುತ್ತಿಕೊಂಡು ಓಣಿಯ ತುದಿಯ ಅಂಗಡಿಗೆ ಓಡಿದಳು.

ಅಂಗಡಿಯ ಮೀರಾಹುಸೇನ ಚಾಚಾ ಹುಲ್ಲಿನ ಬುಟ್ಟಿಯಲ್ಲಿ ಬಿಳಿ ತತ್ತಿ ಜೋಡಿಸುತ್ತಿದ್ದ.

“ಚಾಚಾ! ನಿಮ್ಮ ಫಾರಂ ತತ್ತಿ ಜೋಡಿ ಇಟ್ಟಿದ್ದಕ್ಕ ನಮ್ಮಜ್ಜಿ ತತ್ತಿ ಕೆಟ್ಟದ! ಬಿಸಲಾಗ ಇಟ್ಟು ಮಾರ್ತೀರಲ್ಲ, ಇವು ಯಾವಾಗಿನವು ಅಂತ ನಿಮಗರೆ ಗೊತ್ತದೇನು? ಬರ್ರಿ, ನಮ್ಮವ್ವಗ ನೀವ ಹೇಳ್ರಿ!”

ಸೋಪು ಕೊಳ್ಳಲು ಬಂದಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಚಾಚಾ ನಗಲಿಲ್ಲ. “ಅರೆ ಬೇಟಿ, ಒಂದರಿಂದ ಒಂದಕ್ಕ ಹತ್ತಾಕ ತತ್ತಿಗೇನು ನೆಗಡಿ ಬರ್ತದೇನು? ತಾ, ಚಿಪ್ಪು ತೋರ್ಸು.”

ಅವನು ಚಿಪ್ಪನ್ನು ಬೆಳಕಿಗೆ ಹಿಡಿದ. ಕಂದು ಚಿಪ್ಪಿನ ಮೇಲೆ, ಒರೆಸಿದರೂ ಪೂರ್ತಿ ಹೋಗದ ಬೂದು ಗೀಟೊಂದಿತ್ತು.

“ಇದು ಇದ್ಲಿ ಗೀಟು. ಇದನ್ಯಾಕ ತಂದ್ರು? ಇದು ತಿನ್ನೋ ತತ್ತಿನ ಅಲ್ಲ.”

“ಅಂದ್ರ?”

“ನಮ್ಮೂರು ಗಿಲ್ಲೆಸುಗೂರಾಗ ನಮ್ಮ ಅಮ್ಮಾನೂ ಹಿಂಗ ಮಾಡ್ತಿದ್ಲು. ಕೋಳಿ ಪುಟ್ಟ್ಯಾಗ ಒಂದು ತತ್ತಿ ಹಂಗ ಬಿಟ್ಟಿರ್ತಾರ. ಅದನ್ನ ನೋಡಿ ಕೋಳಿ ದಿನಾ ಅಲ್ಲೇ ಬಂದು ಇಡ್ತದ. ಅದು ಇಲ್ಲಾಂದ್ರ ಎಲ್ಲೆಲ್ಲೋ ಹೋಗಿ ಇಡ್ತದ. ತಿಂಗಳಾನುಗಟ್ಟಲೆ ಇದ್ದದ್ದು ಒಳಗ ಕೆಡಲಾರದ ಇರ್ತದೇನು? ಯಾರೂ ತಗೀಬಾರ್ದು ಅಂತನ ಗೀಟು.” ಚಾಚಾ ಚಿಪ್ಪು ವಾಪಸು ಕೊಟ್ಟ. “ನಿಮ್ಮಜ್ಜಿ ತತ್ತಿ ರುಚಿ ನನ್ನ ಅಂಗಡ್ಯಾಗ ಎಲ್ಲಿ ಬರ್ಬೇಕು ಬೇಟಿ.”

ಮೂಕಮ್ಮ ಆ ಗೀಟನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಅಜ್ಜಿ ದಿನಾ ಎಲ್ಲ ತತ್ತಿ ತೆಗೆದು ಅದೊಂದನ್ನು ಮಾತ್ರ ಕೋಳಿ ಬುಟ್ಟಿಯಲ್ಲಿ ಬಿಡುತ್ತಿದ್ದಳು. ದೊಡ್ಡಪ್ಪನ ಮಗ ಸೂಗಪ್ಪನಿಗೆ ಎತ್ತಿಟ್ಟಿದ್ದಾಳೆ, ಅದಕ್ಕೇ ಗುರುತು ಹಾಕಿದ್ದಾಳೆ ಎಂದು ಮೂಕಮ್ಮ ತಿಳಿದಿದ್ದಳು. ಅವನು ಮೊಮ್ಮಗ, ನಾನೇನು ಬೀದಿಯವಳೇ? ಆ ಸಿಟ್ಟಿನಲ್ಲಿ ಹೊರಡುವ ದಿನ ಗೀಟನ್ನು ಲಂಗದಲ್ಲಿ ತಿಕ್ಕಿ ಒರೆಸಿ, ತತ್ತಿಯನ್ನು ಡಬ್ಬಿಗೆ ಸೇರಿಸಿದ್ದಳು.

ಮನೆಗೆ ಬಂದರೆ ಅವ್ವ ಬಟ್ಟಲನ್ನು ಬೂದಿ ಹಾಕಿ ತಿಕ್ಕುತ್ತ ಇನ್ನೂ ಗೊಣಗುತ್ತಿದ್ದಳು. ಹೇಳಬೇಕೆಂದು ಮೂಕಮ್ಮ ಎರಡು ಸಲ ಹಿತ್ತಲಿಗೆ ಹೋದಳು. ಎರಡು ಸಲವೂ ಹೇಳದೆ ತಿರುಗಿ ಬಂದಳು. ಬೆಳಿಗ್ಗೆ ಹಟ ಹಿಡಿದು ಅಪ್ಪನ ಜೊತೆ ಬಸ್ಸು ಹತ್ತಿದಳು. ಅವಳ ಕರ್ಚೀಫಿನಲ್ಲಿ ಡಬ್ಬಿಯಿಂದ ತೆಗೆದ ಒಂದು ಬಿಳಿ ತತ್ತಿ ಇತ್ತು. ಬಸ್ಸು ಎತ್ತಿ ಹಾಕಿದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಜ್ಜಿ ಪ್ರತಿ ಸಲ ಹೀಗೇ ಕೂತು ಬರುತ್ತಾಳೆ ಎಂದು ಅವಳಿಗೆ ಆಗ ನೆನಪಾಯಿತು.

ಕುರ್ಡಿಯಲ್ಲಿ ಅಜ್ಜಿ ಬಣವೆಯ ಸಂದಿಯಲ್ಲಿ ತಲೆ ತೂರಿಸಿದ್ದಳು. ಹೊರಗೆ ಬಂದಾಗ ಕೂದಲ ತುಂಬ ಒಣ ಜೋಳದ ಸೊಪ್ಪೆ ಅಂಟಿತ್ತು, ಮೊಣಕೈ ತರಚಿತ್ತು.

“ಹತ್ತು ದಿನದಿಂದ ಹಿಂಗ ಹುಡುಕಾಕತ್ತೀನಿ ನೋಡಪಾ. ಯಾವುದೋ ಹೆಗ್ಗಣ ಪುಟ್ಟ್ಯಾಗಿನ ಗೀಟಿನ ತತ್ತಿ ಹೊತ್ಕೊಂಡು ಹೋಗೇದ. ಅವತ್ತಿಂದ ಕೆಂಪ ಕೋಳಿ ಎಲ್ಲಿ ಇಡ್ತದೋ ಗೊತ್ತಾಗವಲ್ದು. ಆ ಹೆಗ್ಗಣ ನನ್ನ ಕೈಗಿ ಸಿಗ್ಲಿ, ಹಲ್ಲು ಉದುರಸ್ತೀನಿ!”

ಅಪ್ಪ ಗಂಟಲು ಸರಿಮಾಡಿಕೊಂಡ. “ಅವ್ವಾ, ತತ್ತಿ ಅಂದಕೂಡ್ಲೆ ನೆನಪಾತು. ನಿನ್ನ ಸೊಸಿ ಒಂದು ಮಾತು ಹೇಳ್ಯಾಳ…”

“ಆ ಹೆಗ್ಗಣ ನಾನ, ಅಜ್ಜಿ” ಎಂದಳು ಮೂಕಮ್ಮ.

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಸೂಗಪ್ಪನ ಮೇಲಿನ ಹೊಟ್ಟೆಕಿಚ್ಚನ್ನೂ ಬಿಡಲಿಲ್ಲ. ಕೊನೆಗೆ ಕರ್ಚೀಫು ಬಿಚ್ಚಿ ಬಿಳಿ ತತ್ತಿಯನ್ನು ಮುಂದೆ ಹಿಡಿದಳು.

ಅಜ್ಜಿ ತತ್ತಿಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು.

“ಎಲ್ಲಿ, ಹಲ್ಲು ತೋರ್ಸು” ಎಂದಳು.

ಮೂಕಮ್ಮ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಳು. ಅಜ್ಜಿ ಅವಳ ಗಲ್ಲ ಹಿಂಡಿ, ನಗುತ್ತ ಮಗನ ಕಡೆ ತಿರುಗಿದಳು. “ಏನಪಾ, ಏನೋ ಹೇಳಾಕ ಬಂದಿ?”

“ಏನಿಲ್ಲವ್ವಾ” ಎಂದ ಅಪ್ಪ. “ಸೋಮವಾರ ಬರ್ತೀಯಲ್ಲ, ಅಂತ ಕೇಳ್ದೆ.”

ಅಜ್ಜಿ ಒಲೆಯಿಂದ ಆರಿದ ಇದ್ದಲಿ ಚೂರೊಂದನ್ನು ತಂದು ಮೂಕಮ್ಮನ ಕೈಗೆ ಕೊಟ್ಟಳು. ಮೂಕಮ್ಮ ಅಂಗಡಿಯ ತತ್ತಿಯ ಮೇಲೆ ಒಂದು ಗೀಟು ಎಳೆದಳು. ಒರೆಸಿದರೂ ಹೋಗಬಾರದೆಂದು ಅದರ ಮೇಲೆಯೇ ಇನ್ನೊಮ್ಮೆ ಎಳೆದು, ಕೋಳಿ ಬುಟ್ಟಿಯ ನಡುವೆ ಮೆಲ್ಲಗೆ ಇಟ್ಟಳು.